ನಿಶಿಕಸಾಯಿಯ ಸುಶಿ ಅಂಗಡಿ: ಒಳಗೆ ಹೋಗಲಾ, ಬೇಡವಾ?

ಪ್ರಶ್ನೆ: ನಾವು ಎರಡು ವರ್ಷದಿಂದ ಟೋಕಿಯೊದ ನಿಶಿಕಸಾಯಿಯಲ್ಲಿದ್ದೇವೆ. ನಾನು ಕುಂದಾಪುರ ಕಡೆಯವನು, ಮೀನಿಲ್ಲದೆ ಊಟ ಸೇರುವುದಿಲ್ಲ. ಹೆಂಡತಿ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಮನೆ ಹತ್ತಿರ ಎಂಟೇ ಕುರ್ಚಿಯ ಒಂದು ಸುಶಿ ಅಂಗಡಿ ಇದೆ. ಹೊರಗೆ ಬೆಲೆಪಟ್ಟಿ ಇಲ್ಲ, ಒಳಗೆ ನೋಡೋಣ ಅಂದರೆ ಕಿಟಕಿಯೂ ಇಲ್ಲ. ‘ಒಮಕಾಸೆ’ ಅಂತ ಮಾತ್ರ ಬರೆದಿದೆ. ಜುಲೈನಲ್ಲಿ ನಮ್ಮ ಮದುವೆಯಾಗಿ ಐದು ವರ್ಷ ತುಂಬುತ್ತದೆ. ಆ ದಿನ ಅಲ್ಲಿಗೆ ಹೋಗಬಹುದಾ? ಎಷ್ಟು ಖರ್ಚಾಗುತ್ತದೆ? ಹೇಗೆ ನಡೆದುಕೊಳ್ಳಬೇಕು? ಹಸಿ ಮೀನು ತಿಂದರೆ ಏನೂ ಆಗಲ್ವಾ? ಗೆಳೆಯರು ‘ಹೋದರೆ ದುಬಾರಿ ಗಿಂಜಾ ಬಡಾವಣೆಯ ದೊಡ್ಡ ಅಂಗಡಿಗೇ ಹೋಗು’ ಅನ್ನುತ್ತಿದ್ದಾರೆ.

ಉತ್ತರ: ಖಂಡಿತ ಹೋಗಿ. ಆದರೆ ಮದುವೆಯ ದಿನ ಬೇಡ, ಹೆಂಡತಿಯವರನ್ನು ಕರೆದುಕೊಂಡೂ ಬೇಡ. ಅದಕ್ಕೆ ಮುಂಚೆ ಒಂದು ದಿನ ನೀವೊಬ್ಬರೇ ಹೋಗಿ ಬನ್ನಿ. ಗಿಂಜಾ ಸದ್ಯಕ್ಕೆ ಬೇಡ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ. ಹದಿನಾರು ವರ್ಷದಿಂದ ಟೋಕಿಯೊದಲ್ಲಿ ಮೀನಿನ ವ್ಯಾಪಾರದಲ್ಲೇ ಇದ್ದೇನೆ. ನಿಮ್ಮಂಥದೇ ಪ್ರಶ್ನೆಯನ್ನು ಇಲ್ಲಿನ ನಮ್ಮ ಊರಿನವರು ತುಂಬಾ ಜನ ಕೇಳಿದ್ದಾರೆ.

ಮೊದಲು ಆ ಪದ. ಜಪಾನಿ ಭಾಷೆಯಲ್ಲಿ ‘ಮಕಾಸೆರು’ ಅಂದರೆ ಒಬ್ಬರ ಕೈಗೆ ಒಪ್ಪಿಸುವುದು. ‘ಒಮಕಾಸೆ’ ಅಂದರೆ ‘ನಿಮಗೇ ಬಿಟ್ಟಿದ್ದೇನೆ, ನೀವೇ ನೋಡಿ ಬಡಿಸಿ’ ಎಂದ ಹಾಗೆ. ಸುಶಿ ಅಂಗಡಿಯಲ್ಲಿ ಕೇಳುವ ಕ್ರಮ ಮೂರು ಥರ. ‘ಒಕಿಮಾರಿ’ ಅಂದರೆ ಮೊದಲೇ ಗೊತ್ತು ಮಾಡಿದ ಸೆಟ್, ಬೆಲೆಯೂ ಗೊತ್ತಾದದ್ದು. ‘ಒಕೊನೊಮಿ’ ಅಂದರೆ ನಿಮಗೆ ಬೇಕಾದ್ದನ್ನು ಒಂದೊಂದಾಗಿ ಹೇಳಿ ತರಿಸಿಕೊಳ್ಳುವುದು. ಮೂರನೆಯದು ಒಮಕಾಸೆ. ಆ ದಿನ ಮಾರುಕಟ್ಟೆಯಲ್ಲಿ ಏನು ಚೆನ್ನಾಗಿ ಸಿಕ್ಕಿದೆ, ಯಾವುದರ ನಂತರ ಯಾವುದು ಬರಬೇಕು ಎನ್ನುವುದನ್ನೆಲ್ಲ ಅಡುಗೆಯವರೇ ತೀರ್ಮಾನಿಸುತ್ತಾರೆ. ಅವರನ್ನು ಗಿರಾಕಿಗಳು ‘ತಾಯ್‌ಶೊ’ ಅಂತ ಕರೆಯುತ್ತಾರೆ. ನೀವೂ ಹಾಗೇ ಕರೆಯಬಹುದು.

ನಮಗೆ ಇದು ತೀರಾ ಹೊಸದೇನಲ್ಲ. ಬಾಳೆಎಲೆ ಮುಂದೆ ಕೂತವರು ಮೆನು ಕೇಳುತ್ತೇವಾ? ಮೊದಲು ಉಪ್ಪು, ಕೋಸಂಬರಿ, ಪಲ್ಯ, ಆಮೇಲೆ ಅನ್ನ. ಬಡಿಸುವವರ ಕ್ರಮಕ್ಕೆ ನಾವು ಕೂತಿರುತ್ತೇವೆ. ಹಾಗಂತ ಸುಮ್ನೆ ಕೂತಿರುವುದಿಲ್ಲ ಅಲ್ವಾ? ‘ಸಾಕು’, ‘ಇನ್ನು ಸ್ವಲ್ಪ’, ‘ನನಗೆ ಬದನೆ ಆಗಲ್ಲ’ ಅನ್ನುತ್ತೇವೆ. ಒಮಕಾಸೆಯೂ ಹಾಗೇ. ಒಪ್ಪಿಸುವ ಮುಂಚೆ ಹೇಳಬೇಕಾದ್ದನ್ನು ಹೇಳಬೇಕು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ಎಲ್ಲ ಅವರಿಗೇ ಬಿಟ್ಟದ್ದು ಅಂದುಕೊಂಡು ಬಾಯಿ ಬಿಡದೆ ಕೂರುತ್ತಾರೆ. ದುಡ್ಡಿನ ಮಿತಿ ಹೇಳುವುದಿಲ್ಲ, ಆಗದ ಪದಾರ್ಥ ಹೇಳುವುದಿಲ್ಲ. ಆಮೇಲೆ ಬಿಲ್ಲು ನೋಡಿ ಬೇಜಾರು ಮಾಡಿಕೊಳ್ಳುತ್ತಾರೆ.

ಬೆಲೆ ಕೇಳುವುದು ಇಲ್ಲಿ ಅವಮಾನವಲ್ಲ. ಫೋನಿನಲ್ಲಿ ಸೀಟು ಕಾದಿರಿಸುವಾಗಲೇ ‘ಹಿತೋರಿ ಇಚಿಮಾನ್ ಎನ್ ಗುರಾಯ್ ದೆ ಒನೆಗಾಯ್‌ಶಿಮಾಸು’ ಅನ್ನಿ. ‘ಒಬ್ಬರಿಗೆ ಸುಮಾರು 10,000 ಯೆನ್‌ಗೆ ನೋಡಿಕೊಳ್ಳಿ’ ಎಂದರ್ಥ. ಆಗದಿದ್ದರೆ ಅವರೇ ಹೇಳುತ್ತಾರೆ. ಆಗುವುದಾದರೆ ಅಷ್ಟರಲ್ಲೇ ಒಳ್ಳೆಯದನ್ನು ಕೊಡುತ್ತಾರೆ. ದುಬಾರಿ ಉನಿ, ಅಂದರೆ ಸೀ ಅರ್ಚಿನ್ ಎಂಬ ಮುಳ್ಳಿನ ಕಡಲಜೀವಿ, ಎರಡರ ಬದಲು ಒಂದು ಬರಬಹುದು, ತೊರೊ ಎಂಬ ಟ್ಯೂನಾ ಮೀನಿನ ಕೊಬ್ಬಿನ ಹೊಟ್ಟೆಭಾಗದ ಬದಲು ಅದರ ಕೆಂಪು ಭಾಗ ಬರಬಹುದು. ಕೆಂಪು ಭಾಗವೇ ಹೆಚ್ಚು ರುಚಿ ಅನ್ನುವವರಲ್ಲಿ ನಾನೂ ಒಬ್ಬ.

ನಾನು ಹೋಗುವಂಥ ಬೀದಿಯ ಅಂಗಡಿಗಳಲ್ಲಿ ರಾತ್ರಿಯ ಒಮಕಾಸೆ ಈಗ 8,000ದಿಂದ 15,000 ಯೆನ್‌ವರೆಗೆ ಇರುತ್ತದೆ. ಸಾಕೆ ಎಂಬ ಅಕ್ಕಿಯ ಮದ್ಯ, ಬಿಯರ್ ಕುಡಿದರೆ ಅದು ಬೇರೆ. ಕುಡಿಯದಿದ್ದರೂ ತೊಂದರೆಯಿಲ್ಲ, ಚಹಾ ಕೇಳಿ. ಕೂತು ತಿನ್ನುವ ಊಟಕ್ಕೆ 10 ಶೇಕಡಾ ತೆರಿಗೆ ಇದೆ, ಹೇಳಿದ ಬೆಲೆಯಲ್ಲಿ ಅದು ಸೇರಿದೆಯಾ ಕೇಳಿಕೊಳ್ಳಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಮಧ್ಯಾಹ್ನ ತೆರೆಯುವ ಅಂಗಡಿಯಾದರೆ ಅದೇ ಕೈಯ ಸುಶಿ ಎರಡು ಮೂರು ಸಾವಿರ ಯೆನ್‌ಗೆ ಒಕಿಮಾರಿಯಾಗಿ ಸಿಗಬಹುದು. ಅಂಗಡಿ ಹೇಗಿದೆ, ತಾಯ್‌ಶೊ ಹೇಗೆ ಮಾತಾಡುತ್ತಾರೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಗಿಂಜಾದ ಹೆಸರುವಾಸಿ ಅಂಗಡಿಗಳಲ್ಲಿ 30,000 ಯೆನ್ ದಾಟುವುದು ಸಾಮಾನ್ಯ. ಸೀಟು ಸಿಗುವುದೇ ಕಷ್ಟ. ಸುಕಿಯಾಬಾಶಿ ಜಿರೊ ಹೆಸರು ನಿಮ್ಮ ಗೆಳೆಯರು ಹೇಳಿರಬಹುದು. ಮೂರು ಸ್ಟಾರ್ ಇದ್ದ ಆ ಅಂಗಡಿಯನ್ನು 2019ರಲ್ಲಿ, ಹೋಟೆಲುಗಳಿಗೆ ಸ್ಟಾರ್ ಕೊಡುವ ಮಿಶಲಿನ್ ಗೈಡ್ ತನ್ನ ಪಟ್ಟಿಯಿಂದ ತೆಗೆಯಿತು. ರುಚಿ ಕೆಟ್ಟಿತು ಅಂತಲ್ಲ. ಸಾಮಾನ್ಯ ಜನರಿಗೆ ಅಲ್ಲಿ ಸೀಟು ಕಾದಿರಿಸಲು ಆಗುವುದಿಲ್ಲ ಅನ್ನುವುದು ಕಾರಣ. ಅಂಥ ಕಡೆ ಹಳೆಯ ಗಿರಾಕಿ ಕರೆದುಕೊಂಡು ಹೋಗಬೇಕು, ಇಲ್ಲವೇ ದೊಡ್ಡ ಹೋಟೆಲಿನವರು ನಿಮ್ಮ ಪರವಾಗಿ ಕೇಳಬೇಕು. ಮೊದಲ ಸಲಕ್ಕೆ ಅಷ್ಟೆಲ್ಲ ಯಾಕೆ? ನಾಲಿಗೆಗೆ ಇನ್ನೂ ಹೋಲಿಸಿ ನೋಡಲು ಏನೂ ಸಿಕ್ಕಿರುವುದಿಲ್ಲ. ಮನೆ ಹತ್ತಿರದ ಅಂಗಡಿಗೆ ನಾಲ್ಕು ಸಲ ಹೋಗಿ ಬಂದವರು ಗಿಂಜಾದಲ್ಲಿ ಕೂತರೆ ತಮ್ಮ ಮುಂದೆ ಏನು ನಡೆಯುತ್ತಿದೆ ಅಂತ ಅವರಿಗೆ ಕಾಣುತ್ತದೆ. ಆಗ ಆ ದುಡ್ಡಿಗೂ ಅರ್ಥ ಬರುತ್ತದೆ.

ಹಸಿ ಮೀನನ್ನು ಅನ್ನದ ಮೇಲಿಟ್ಟು ಇಷ್ಟು ದುಡ್ಡಾ ಅಂತ ಊರಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ.

ಈಗ ನಾವು ತಿನ್ನುವ ನಿಗಿರಿ, ಅಂದರೆ ಅಂಗೈಯಲ್ಲಿ ಅದುಮಿದ ಅನ್ನದ ಮೇಲೆ ಮೀನು, 1820ರ ದಶಕದಲ್ಲಿ ಎಡೊದಲ್ಲಿ ರೂಢಿಗೆ ಬಂದದ್ದು. ಎಡೊ ಅಂದರೆ ಇವತ್ತಿನ ಟೋಕಿಯೊ. ಹಾನಾಯಾ ಯೊಹೆಯ್ ಎಂಬುವರ ಹೆಸರು ಇದರ ಜೊತೆ ಸೇರಿಕೊಂಡಿದೆ. ಅವರ ಅಂಗಡಿ ಇದ್ದದ್ದು ರ್ಯೊಗೊಕುವಿನಲ್ಲಿ. ಆಗ ಇದು ಬೀದಿ ಗಾಡಿಯ ತಿಂಡಿ, ಒಂದೊಂದು ತುಂಡೂ ಈಗಿನದರ ಎರಡು ಮೂರು ಪಟ್ಟು. ಕೆಲಸಕ್ಕೆ ಹೋಗುವವರು ನಿಂತುಕೊಂಡೇ ತಿಂದು ಹೊರಡುತ್ತಿದ್ದರು. ಐಸ್ ಇಲ್ಲದ ಕಾಲ. ಟೋಕಿಯೊ ಕೊಲ್ಲಿಯಲ್ಲಿ ಹಿಡಿದ ಮೀನನ್ನು ಉಪ್ಪು, ವಿನೆಗರ್ ಹಾಕಿ, ಸೋಯಾ ಸಾಸಿನಲ್ಲಿ ನೆನೆಸಿ, ಇಲ್ಲವೇ ಬೇಯಿಸಿ ಇಡಬೇಕಿತ್ತು. ಆ ಕೈಚಳಕಕ್ಕೇ ‘ಎಡೊಮಾಯೆ’ ಅನ್ನುತ್ತಾರೆ. ಹಾಗಾಗಿ ಒಳ್ಳೆಯ ಅಂಗಡಿಯಲ್ಲಿ ನಿಮ್ಮ ಮುಂದೆ ಬರುವುದೆಲ್ಲ ಹಸಿ ಮೀನು ಅಲ್ಲವೇ ಅಲ್ಲ. ಅನಾಗೊ ಎಂಬ ಸಮುದ್ರದ ಹಾವುಮೀನು ಮೆತ್ತಗೆ ಬೆಂದು ಬರುತ್ತದೆ. ಸೀಗಡಿಯನ್ನು ಕುದಿಸಿರುತ್ತಾರೆ. ಬಿಳಿ ಮೀನನ್ನು ಕೊಂಬು ಎಂಬ ಕಡಲಪಾಚಿಯ ಎರಡು ಹಾಳೆಗಳ ನಡುವೆ ಒತ್ತಿಟ್ಟು ಅದರ ರುಚಿ ಇಳಿಸಿರುತ್ತಾರೆ.

ತಾಯ್‌ಶೊ ಎಂಥವರು ಅಂತ ತಿಳಿಯಬೇಕಾದರೆ ಕೊಹಾದಾ ಬಂದಾಗ ಗಮನ ಕೊಡಿ. ಬೆಳ್ಳಿ ಚರ್ಮದ ಮೇಲೆ ಕಪ್ಪು ಚುಕ್ಕಿಯ ಸಣ್ಣ ಮೀನು. ಅಗ್ಗದ ಮೀನು, ಮುಳ್ಳು ಜಾಸ್ತಿ, ಹಾಗೇ ತಿಂದರೆ ಹೇಳಿಕೊಳ್ಳುವ ರುಚಿಯಿಲ್ಲ. ಅದನ್ನು ಬಿಡಿಸಿ, ಉಪ್ಪಲ್ಲಿಟ್ಟು, ತೊಳೆದು, ವಿನೆಗರಿನಲ್ಲಿಟ್ಟು ತೆಗೆಯಬೇಕು. ಎಷ್ಟು ಹೊತ್ತು ಇಡಬೇಕು ಅನ್ನುವುದು ಮೀನಿನ ಗಾತ್ರ, ಕೊಬ್ಬು, ಆ ದಿನದ ಸೆಕೆ ನೋಡಿ ಬದಲಾಗುತ್ತದೆ. ಸ್ವಲ್ಪ ಹೆಚ್ಚಾದರೆ ಬರೀ ಹುಳಿ, ಕಡಿಮೆಯಾದರೆ ವಾಸನೆ. ತೊರೊ ಚೆನ್ನಾಗಿದ್ದರೆ ಅದರ ಹೆಚ್ಚಿನ ಪುಣ್ಯ ಮೀನಿಗೆ ಸೇರಬೇಕು. ಕೊಹಾದಾ ಚೆನ್ನಾಗಿದ್ದರೆ ಅದು ಆ ಕೈಯ ಗುಣ.

ಇನ್ನು ಅನ್ನ. ಸುಶಿಯವರ ಮಾತಿನಲ್ಲಿ ಅದು ‘ಶಾರಿ’. ನನ್ನ ಮಟ್ಟಿಗೆ ಸುಶಿಯ ಅರ್ಧಕ್ಕಿಂತ ಹೆಚ್ಚು ಅನ್ನವೇ. ಮೈಬಿಸಿಯಷ್ಟು ಬೆಚ್ಚಗಿರಬೇಕು. ಆಗಲೇ ಮೇಲಿನ ಮೀನಿನ ಕೊಬ್ಬು ಬಾಯಲ್ಲಿ ಕರಗುತ್ತದೆ. ಕೈಯಲ್ಲಿ ಹಿಡಿದರೆ ಉದುರಬಾರದು, ಬಾಯಿಗೆ ಹೋದ ಕೂಡಲೇ ಬಿಡಿಬಿಡಿಯಾಗಬೇಕು. ಕೆಲವು ಕಡೆ ಅನ್ನ ತೆಳು ಕಂದು ಬಣ್ಣಕ್ಕಿರುತ್ತದೆ. ಅದು ಹಳತಾದ ಅನ್ನವಲ್ಲ, ಸೋಯಾ ಸಾಸೂ ಅಲ್ಲ. ಸಾಕೆ ಹಿಂಡಿ ಉಳಿದ ಚರಟದಿಂದ ಮಾಡಿದ ಕೆಂಪು ವಿನೆಗರಿನ ಬಣ್ಣ ಅದು. ಹಾಂಡಾ ಊರಿನ ನಕಾನೊ ಮತಾಜಾಯೆಮೊನ್ 1804ರಲ್ಲಿ ಶುರು ಮಾಡಿದ ಈ ವಿನೆಗರ್ ಹಡಗಿನಲ್ಲಿ ಎಡೊಗೆ ಬಂದು ಸುಶಿಯವರ ಕೈ ಸೇರಿತು.

ಇಷ್ಟೆಲ್ಲ ಕೆಲಸ, ಎಂಟೇ ಸೀಟು, ಎರಡೇ ಕೈ. ನಸುಕಿನಲ್ಲಿ ತೊಯೊಸು ಮೀನು ಮಾರುಕಟ್ಟೆ, ರಾತ್ರಿ ಹನ್ನೊಂದಕ್ಕೆ ಕೌಂಟರ್ ಒರೆಸುವುದು. ಆ ಬೆಲೆಯಲ್ಲಿ ಇದೆಲ್ಲ ಸೇರಿದೆ.

ಒಂದು ವಿಷಯ ನಿಮಗೆ ಹೇಳಲೇಬೇಕು. ಕರಾವಳಿಯವರು ಪ್ರಾಣ ಬಿಡುವ ಕಾಣೆ ಮೀನು ಇದೆಯಲ್ಲ, ಅದರ ಹತ್ತಿರದ ನೆಂಟ ಇಲ್ಲೂ ಇದೆ. ಹೆಸರು ‘ಕಿಸು’. ಎರಡೂ ಸಿಲ್ಲಾಗೊ ಎಂಬ ಒಂದೇ ಕುಲದವು. ಅದೇ ಉದ್ದ ಮೂತಿ, ಅದೇ ಮೆದು ಬಿಳಿ ಮಾಂಸ. ನಾವು ರವೆ ಹಚ್ಚಿ ಕಾಯಿಸುತ್ತೇವೆ. ಇಲ್ಲಿ ಹಿಟ್ಟಿನಲ್ಲಿ ಅದ್ದಿ ಕರಿದು ಟೆಂಪುರ ಮಾಡುತ್ತಾರೆ. ಸುಶಿಗೆ ಬಂದರೆ ಕೊಂಬುವಿನಲ್ಲಿ ಒತ್ತಿದ್ದು, ಇಲ್ಲವೇ ಹಗುರಾಗಿ ವಿನೆಗರ್ ಸವರಿದ್ದು. ಮೊದಲ ಸಲ ತಿಂದಾಗ ನನಗೆ ಗುರುತೇ ಸಿಗಲಿಲ್ಲ. ಎರಡನೇ ತುಂಡಿಗೆ ‘ಅರೆ, ಇದು ಕಾಣೆ’ ಅನ್ನಿಸಿ ಕಣ್ಣು ತುಂಬಿ ಬಂತು. ಕಿಸುವಿನ ಕಾಲ ಬೇಸಿಗೆ, ನೀವು ಕೇಳಿದ ಜುಲೈಗೆ ಸರಿಯಾಗಿ ಬರುತ್ತದೆ. ಬೇಸಿಗೆಯಲ್ಲಿ ಅಜಿ ಎಂಬ ಮೀನು ಚೆನ್ನಾಗಿರುತ್ತದೆ, ಅನಾಗೊ ಚೆನ್ನಾಗಿರುತ್ತದೆ. ಕೊಹಾದಾದ ಮರಿ ‘ಶಿಂಕೊ’ ಬರುವುದೂ ಆಗಲೇ. ಅಷ್ಟು ಪುಟ್ಟ ಮೀನನ್ನು ಎರಡು ಮೂರು ಸೇರಿಸಿ ಒಂದು ನಿಗಿರಿ ಮಾಡುತ್ತಾರೆ. ಮೊದಮೊದಲು ಬಂದದ್ದಕ್ಕೆ ಹುಚ್ಚು ಬೆಲೆ, ಎರಡು ವಾರ ಕಾದರೆ ಇಳಿಯುತ್ತದೆ.

ನಡೆದುಕೊಳ್ಳುವ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸರಿಯಾದ ಸಮಯಕ್ಕೆ ಹೋಗಿ. ಎಷ್ಟೋ ಕಡೆ ಎಲ್ಲರಿಗೂ ಒಟ್ಟಿಗೇ ಶುರು ಮಾಡುತ್ತಾರೆ, ಒಬ್ಬರು ತಡವಾದರೆ ಏಳು ಜನ ಕಾಯಬೇಕು. ಬರಲಾಗದಿದ್ದರೆ ಒಂದೆರಡು ದಿನ ಮೊದಲೇ ತಿಳಿಸಿ. ಅದೇ ದಿನ ರದ್ದು ಮಾಡಿದರೆ ಹಲವು ಅಂಗಡಿಗಳು ಪೂರ್ತಿ ಹಣ ಕೇಳುತ್ತವೆ, ಆ ಮೀನನ್ನು ಅವರು ನಿಮಗೋಸ್ಕರವೇ ತಂದಿರುತ್ತಾರೆ. ಸೆಂಟು, ಅತ್ತರು ಹಾಕಿಕೊಳ್ಳಬೇಡಿ. ಕೈಯಲ್ಲಿ ತಿನ್ನಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ ತಿನ್ನಿ, ನಮಗೆ ಅದೇ ಸಲೀಸು. ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳಿ. ಮೀನಿನ ಮೇಲೆ ಸೋಯಾ ಸವರಿ ಕೊಟ್ಟಿದ್ದರೆ ಮತ್ತೆ ಅದ್ದಬೇಡಿ, ವಾಸಾಬಿ ಎಂಬ ಮೂಗಿಗೇರುವ ಹಸಿರು ಖಾರವೂ ಒಳಗೇ ಇರುತ್ತದೆ. ಮುಂದಿಟ್ಟ ಕೂಡಲೇ ತಿನ್ನಿ. ಫೋಟೊ ತೆಗೆಯುವುದಾದರೆ ಮೊದಲು ಕೇಳಿ, ಒಂದು ತೆಗೆದು ಫೋನ್ ಒಳಗಿಡಿ. ದೋಸೆ ಕಾವಲಿಯಿಂದ ಎಲೆಗೆ ಬಿದ್ದ ಮೇಲೆ ಐದು ನಿಮಿಷ ಬಿಟ್ಟು ತಿಂದರೆ ಹೇಗಿರುತ್ತದೆ ಹೇಳಿ. ನಿಗಿರಿಗೂ ಅಷ್ಟೇ ಆಯುಸ್ಸು.

ಹೊಟ್ಟೆ ಬೇಗ ತುಂಬುತ್ತದೆ ಅನ್ನಿಸಿದರೆ ‘ಶಾರಿ ಚೀಸಾಮೆ ದೆ’ ಅನ್ನಿ, ಅನ್ನ ಸಣ್ಣದು ಮಾಡುತ್ತಾರೆ. ವಾಸಾಬಿ ಬೇಡದಿದ್ದರೆ ‘ಸಾಬಿ ನುಕಿ’.

ಹಸಿ ಮೀನಿನ ಭಯಕ್ಕೆ ಬರೋಣ. ಅಪಾಯ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ಮುಖ್ಯವಾದದ್ದು ಅನಿಸಾಕಿಸ್ ಎಂಬ ದಾರದಂಥ ಹುಳ. ಸಾಬಾ, ಅಂದರೆ ನಮ್ಮ ಬಂಗುಡೆಯ ಜಾತಿಯ ಮೀನು, ಬೊಂಡಾಸ್ (ಸ್ಕ್ವಿಡ್), ಅಜಿ ಇಂಥವುಗಳಲ್ಲಿ ಇರಬಹುದು. ಅದು ಹೊಟ್ಟೆಗೆ ಹೋದರೆ ಕೆಲವು ಗಂಟೆಗಳಲ್ಲೇ ತಡೆಯಲಾರದ ನೋವು ಬರಬಹುದು, ಆಗ ತಡಮಾಡದೆ ಆಸ್ಪತ್ರೆಗೆ ಹೋಗಿ ಏನು ತಿಂದಿರಿ ಅಂತ ಹೇಳಬೇಕು. ವಿನೆಗರ್, ಉಪ್ಪು, ವಾಸಾಬಿ ಯಾವುದಕ್ಕೂ ಈ ಹುಳ ಸಾಯುವುದಿಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗೆ 24 ಗಂಟೆ ಹೆಪ್ಪುಗಟ್ಟಿಸಿದರೆ, ಇಲ್ಲವೇ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಒಳ್ಳೆಯ ತಾಯ್‌ಶೊ ಹೊಟ್ಟೆಭಾಗವನ್ನು ಬೇಗ ತೆಗೆದು, ಒಂದೊಂದು ಹೋಳನ್ನೂ ಕಣ್ಣಿಟ್ಟು ನೋಡುತ್ತಾರೆ. ಬೊಂಡಾಸ್ ಮೇಲೆ ಒತ್ತೊತ್ತಾಗಿ ಗೀರು ಹಾಕುವುದಕ್ಕೆ ಅದೂ ಒಂದು ಕಾರಣ. ನಾನು ಇಷ್ಟು ವರ್ಷ ನೆಮ್ಮದಿಯಿಂದ ತಿಂದಿದ್ದೇನೆ. ಆದರೆ ದಯವಿಟ್ಟು ರಜೆಗೆ ಊರಿಗೆ ಹೋದಾಗ ಬಂದರಿನ ಬಂಗುಡೆ ತಂದು ಹಸಿಯಾಗಿ ಕೊಯ್ದು ತಿನ್ನಬೇಡಿ. ‘ತಾಜಾ ಇದ್ದರೆ ಸಾಕು’ ಅನ್ನುವುದು ತಪ್ಪು ತಿಳಿವಳಿಕೆ. ಹುಳ ತಾಜಾ ಮೀನಿನಲ್ಲೇ ಜೀವಂತವಾಗಿರುತ್ತದೆ.

ಈಗ ನಿಮ್ಮ ಹೆಂಡತಿಯವರ ಮಾತು. ಇದನ್ನು ನಾನು ಹಗುರವಾಗಿ ಹೇಳಲಾರೆ, ಕಾರಣ ಇದೆ. ಕೆಲವು ವರ್ಷದ ಹಿಂದೆ ಬೆಂಗಳೂರಿನಿಂದ ಬಂದ ನನ್ನ ಅತ್ತಿಗೆಯನ್ನು ಒಂದು ಸಣ್ಣ ಸುಶಿ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅವರು ಸಸ್ಯಾಹಾರಿ ಅಂತ ಮೊದಲೇ ಹೇಳಿರಲಿಲ್ಲ, ‘ಸೌತೆಕಾಯಿ ಸುಶಿ ಇರುತ್ತೆ, ನಡೆಯುತ್ತೆ’ ಅಂದುಕೊಂಡಿದ್ದೆ. ತಪ್ಪು ಪೂರ್ತಿ ನನ್ನದು. ತಾಯ್‌ಶೊ ಏನೂ ಅನ್ನಲಿಲ್ಲ. ಸೌತೆಕಾಯಿ ಸುತ್ತಿಕೊಟ್ಟರು, ಉಪ್ಪಿನಕಾಯಿ ಮೂಲಂಗಿ ಸುತ್ತಿಕೊಟ್ಟರು. ಆಮೇಲೆ ಅವರ ಹತ್ತಿರ ಕೊಡಲು ಏನೂ ಉಳಿಯಲಿಲ್ಲ. ಎಲ್ಲರಿಗೂ ಹದಿನೈದು ತುತ್ತು ಬಡಿಸುವ ಮನುಷ್ಯ ಒಬ್ಬರ ಎದುರು ಕೈಕಟ್ಟಿ ನಿಲ್ಲಬೇಕಾಯಿತು. ಅತ್ತಿಗೆ ಎರಡು ಗಂಟೆ ಚಹಾ ಕುಡಿಯುತ್ತಾ ಕೂತಿದ್ದರು. ಮೂವರಿಗೂ ಅದು ಒಳ್ಳೆಯ ಸಂಜೆಯಾಗಲಿಲ್ಲ.

ಸುಶಿ ಅಂಗಡಿಯಲ್ಲಿ ಮೀನು ಕಣ್ಣಿಗೆ ಕಾಣದ ಕಡೆಯೂ ಇರುತ್ತದೆ. ಮಿಸೊ ಸೂಪಿನ ತಿಳಿ, ಅಂದರೆ ದಾಶಿ, ಹೆಚ್ಚಾಗಿ ಒಣಗಿಸಿದ ಕತ್ಸುವೊ ಮೀನಿನದು. ಮೊಟ್ಟೆಯ ತಮಾಗೊದಲ್ಲಿ ಸೀಗಡಿ ಇಲ್ಲವೇ ಮೀನು ಅರೆದು ಹಾಕಿರುತ್ತಾರೆ. ಸವರುವ ಸೋಯಾದಲ್ಲೂ ದಾಶಿ ಇರಬಹುದು. ಸಿಹಿಯಾಗಿ ಬೇಯಿಸಿದ ಕಂಪ್ಯೊ, ಅದು ಸೋರೆಕಾಯಿಯ ಒಣ ಪಟ್ಟಿ, ನೋಡಲು ತರಕಾರಿ, ಆದರೆ ಬೇಯಿಸಿದ್ದು ದಾಶಿಯಲ್ಲಿರಬಹುದು. ಟೆಂಪುರ ಕೌಂಟರಿನಲ್ಲಿ ತರಕಾರಿ ಧಾರಾಳವಾಗಿ ಸಿಗುತ್ತದೆ, ಆದರೆ ಸೀಗಡಿ ಬೆಂದ ಎಣ್ಣೆಯಲ್ಲೇ ಅದೂ ಬೇಯುತ್ತದೆ. ಇದು ಆಗುತ್ತದೋ ಇಲ್ಲವೋ ಅನ್ನುವುದನ್ನು ಅವರೇ ಹೇಳಬೇಕು, ನೀವು ತೀರ್ಮಾನಿಸಬೇಡಿ.

ಅವರಿಗೆ ನಿಜವಾಗಿ ಒಪ್ಪುವ ಒಮಕಾಸೆ ಬೇರೆಯೇ ಇದೆ. ‘ಶೊಜಿನ್ ರ್ಯೊರಿ’, ಬೌದ್ಧ ಮಠಗಳ ಅಡುಗೆ. ಮಾಂಸ, ಮೀನು ಇಲ್ಲ. ಸಂಪ್ರದಾಯದಂತೆ ಮಾಡಿದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಊಟ ಉಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಳಿಯನ್ನು ಕೊಂಬು ಮತ್ತು ಒಣ ಶಿಯಿತಾಕೆ ಅಣಬೆಯಿಂದ ತೆಗೆಯುತ್ತಾರೆ. ಎಳ್ಳು ಅರೆದು ಮಾಡಿದ ಗೊಮಾದೊಫು, ಸೋಯಾ ಹಾಲಿನ ಮೇಲಿಂದ ಕೆನೆಯಂತೆ ಎತ್ತಿ ತೆಗೆಯುವ ಯುಬಾ, ಆ ಋತುವಿನ ಸೊಪ್ಪು, ಗೆಡ್ಡೆ ಎಲ್ಲ ಬರುತ್ತದೆ. ಇಲ್ಲೂ ನೀವು ಆರಿಸುವಂತಿಲ್ಲ, ಅವರು ಕೊಟ್ಟದ್ದು. ವಾಕಯಾಮಾದ ಕೊಯಾಸಾನ್‌ನ ಮಠಗಳಲ್ಲಿ ರಾತ್ರಿ ತಂಗಿದರೆ ಸಂಜೆ ಬೆಳಗ್ಗೆ ಎರಡೂ ಹೊತ್ತು ಇದೇ ಊಟ. ಹೋಟೆಲಿನಲ್ಲಿ ತಿನ್ನುವುದಾದರೆ ‘ಕತ್ಸುವೊ ದಾಶಿ ಬೇಡ, ಮೊಟ್ಟೆ ಬೇಡ’ ಅಂತ ಕಾದಿರಿಸುವಾಗಲೇ ಹೇಳಿ. ಐದನೇ ವರ್ಷಕ್ಕೆ ಕೊಯಾಸಾನ್‌ಗೆ ಹೋಗಿ ಬನ್ನಿ ಅನ್ನುವುದು ನನ್ನ ಸಲಹೆ. ಇಬ್ಬರೂ ಒಂದೇ ಊಟ ಮಾಡುತ್ತೀರಿ. ಜುಲೈನ ಟೋಕಿಯೊ ಸೆಕೆಯಿಂದಲೂ ಎರಡು ದಿನ ತಪ್ಪಿಸಿಕೊಳ್ಳಬಹುದು, ಆ ಬೆಟ್ಟ ತಂಪಾಗಿರುತ್ತದೆ.

ಸುಶಿ ಅಂಗಡಿಗೆ ನೀವು ಜೂನ್ ಕೊನೆಗೋ ಜುಲೈ ಮೊದಲಿಗೋ ಹೋಗಿ. ತೊಯೊಸು ಮಾರುಕಟ್ಟೆಗೆ ಭಾನುವಾರ ರಜೆ, ಎಷ್ಟೋ ಬುಧವಾರವೂ ರಜೆ, ಹಾಗಾಗಿ ಗುರುವಾರ ಶುಕ್ರವಾರ ಆರಿಸಿಕೊಳ್ಳಿ. ಮಧ್ಯಾಹ್ನ ಮೂರರಿಂದ ಐದರೊಳಗೆ ಫೋನ್ ಮಾಡಿ, ಆಗ ಅವರ ಕೈ ಸ್ವಲ್ಪ ಬಿಡುವಾಗಿರುತ್ತದೆ. ಜಪಾನಿ ಅಷ್ಟು ಬರುವುದಿಲ್ಲ ಅಂದರೆ ಸಂಜೆ ಅಂಗಡಿ ತೆರೆಯುವ ಮುಂಚೆ ಬಾಗಿಲಿಗೇ ಹೋಗಿ ಕೇಳಿ. ನೆರೆಮನೆಯವರು ಅಂತ ಗೊತ್ತಾದರೆ ಮುಖದಲ್ಲೇ ಬದಲಾವಣೆ ಕಾಣುತ್ತದೆ.

ಕೊನೆಯಲ್ಲಿ ಅನಾಗೊ, ತಮಾಗೊ, ಸೂಪು ಬಂದ ಮೇಲೆ ತಾಯ್‌ಶೊ ‘ಇನ್ನೇನಾದರೂ ಬೇಕಾ?’ ಅಂತ ಕೇಳುತ್ತಾರೆ. ಅಲ್ಲಿಗೆ ಒಮಕಾಸೆ ಮುಗಿಯಿತು, ಅಲ್ಲಿಂದ ಮುಂದಿನದು ಒಕೊನೊಮಿ, ಅದರ ಲೆಕ್ಕ ಬೇರೆ. ‘ಸಾಕು, ತುಂಬಾ ಚೆನ್ನಾಗಿತ್ತು’ ಅಂದರೂ ಸರಿಯೇ. ಆದರೆ ಆವತ್ತು ನಿಮಗೆ ಬಡಿಸಿದ್ದರಲ್ಲಿ ಕಿಸು ಬಂದಿರದಿದ್ದರೆ, ‘ಕಿಸು ಅರಿಮಾಸು ಕಾ?’ ಅಂತ ಒಂದು ಸಲ ಕೇಳಿ. ನಮ್ಮೂರಲ್ಲೂ ಈ ಮೀನಿದೆ, ಕಾಣೆ ಅಂತೀವಿ, ರವೆ ಹಚ್ಚಿ ಕಾಯಿಸ್ತೀವಿ ಅಂತ ಹೇಳಿ. ಬೇಕಾದರೆ ಫೋನಿನಲ್ಲಿ ಫೋಟೊ ತೋರಿಸಿ. ಅವರು ಕೇಳದೆ ಬಿಡುವುದಿಲ್ಲ, ರವೆ ಅಂದರೇನು ಅಂತ.